ಬಿಸಿಲಿಗೆ ಮನೆಯಲ್ಲೇ ಲೇಪ ಮಾಡಿಕೊಳ್ಳಬಹುದೇ?



ಬೇಸಿಗೆ ಬಂತೆಂದರೆ ವಾರ್ಡಿನಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಸಿಸ್ಟರ್, ಅಂಗಡಿಯ ಸನ್‌ಸ್ಕ್ರೀನ್ ದುಬಾರಿ. ಲೋಳೆಸರ, ಕೊಬ್ಬರಿ ಎಣ್ಣೆ ಕಲಸಿ ಮನೆಯಲ್ಲೇ ಮಾಡಿಕೊಂಡರೆ ಆಗದೇ?" ಹಚ್ಚಿಕೊಳ್ಳಲು ಹಿತವಾಗಿರುತ್ತದೆ, ನಿಜ. ಆದರೆ ಅದನ್ನು ನಂಬಿ ಬಿಸಿಲಿಗೆ ಹೋಗಬೇಡಿ.

ಚರ್ಮವನ್ನು ಸುಡುವುದು ಸೂರ್ಯನ ಶಾಖವಲ್ಲ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ. ನಮ್ಮ ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ತಂಪು ಗಾಳಿ ಬೀಸುತ್ತಿದ್ದರೂ, ತೆಳು ಮೋಡ ಕವಿದಿದ್ದರೂ ಈ ಕಿರಣ ಬೀಳುತ್ತಲೇ ಇರುತ್ತದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದರಿಂದ ನೆಟ್ಟ ಕಂಬಕ್ಕೂ ನೆರಳಿರುವುದಿಲ್ಲ.

ಕೊಬ್ಬರಿ ಎಣ್ಣೆಯ ಎಸ್‌ಪಿಎಫ್ ಪ್ರಯೋಗಾಲಯದ ಅಳತೆಯಲ್ಲಿ ಹತ್ತನ್ನೂ ಮುಟ್ಟುವುದಿಲ್ಲ. ನಮಗೆ ಬೇಕಾದದ್ದು ಕನಿಷ್ಠ 30. ಕಡಲೆಹಿಟ್ಟು, ಅರಿಶಿನ, ಗಂಧ ಇವು ಚರ್ಮವನ್ನು ಶುಚಿಯಾಗಿ, ತಂಪಾಗಿ ಇಡಬಹುದೇ ಹೊರತು ಕಿರಣವನ್ನು ತಡೆಯುವುದಿಲ್ಲ. ಕೆಲವರು ಝಿಂಕ್ ಆಕ್ಸೈಡ್ ಪುಡಿಯನ್ನೇ ತಂದು ಎಣ್ಣೆಗೆ ಬೆರೆಸುತ್ತಾರೆ. ಕಂಪನಿಯವರು ಬಳಸುವುದೂ ಅದನ್ನೇ. ಆದರೆ ಕೈಯಲ್ಲಿ ಕಲಸಿದಾಗ ಅದು ಸರಿಯಾಗಿ ತೊಳಸದ ರಾಗಿಮುದ್ದೆಯಂತೆ ಗಂಟುಗಟ್ಟುತ್ತದೆ. ಮುಖ ಬೆಳ್ಳಗೆ ಕಂಡರೂ ನಡುನಡುವೆ ಬರಿ ಚರ್ಮವೇ ಉಳಿದು ಅಲ್ಲಿ ಸುಡುತ್ತದೆ. ಅಲ್ಲದೆ ಲೋಳೆಸರ ಬೆರೆತ ಲೇಪ ಕೆಲವೇ ದಿನಗಳಲ್ಲಿ ಕೆಡುತ್ತದೆ. ಸಕ್ಕರೆ ಕಾಯಿಲೆಯವರು, ಗಾಯವಿರುವವರು ಅದನ್ನು ಮುಟ್ಟಲೇಬಾರದು.

ನಿಂಬೆರಸದ ವಿಷಯ ಇನ್ನೂ ಗಂಭೀರ. ನಿಂಬೆಯಲ್ಲಿ ಸೋರಲೆನ್ ಎಂಬ ವಸ್ತುವಿದೆ. ಅದು ಚರ್ಮದ ಮೇಲಿದ್ದು ಬಿಸಿಲು ಬಿದ್ದರೆ ಒಂದೆರಡು ದಿನದಲ್ಲಿ ಬೊಬ್ಬೆ ಏಳಬಹುದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ತೊನ್ನಿನ ಚಿಕಿತ್ಸೆಗೆ ವೈದ್ಯರು ಇದೇ ಜಾತಿಯ ಔಷಧವನ್ನು ಎಷ್ಟು ಲೆಕ್ಕವಿಟ್ಟು ಕೊಡುತ್ತಾರೆಂದು ಆ ಚಿಕಿತ್ಸೆ ಪಡೆದವರಿಗೆ ಗೊತ್ತು.

ಹಾಗಾದರೆ ಮನೆಯಲ್ಲೇ ಇರುವ ಸನ್‌ಸ್ಕ್ರೀನ್ ಯಾವುದು? ಬಟ್ಟೆ ಮತ್ತು ಕೊಡೆ! ಗಾಂಧಿಬಜಾರಿನಲ್ಲಿ ಹೂವು ಮಾರುವ ತಾಯಂದಿರನ್ನು ನೋಡಿ, ತಲೆಯ ಮೇಲೆ ದೊಡ್ಡ ಕೊಡೆ, ಅದರಡಿ ಸೆರಗು. ಇದಕ್ಕೆ ಯಾವ ಡಬ್ಬಿಯೂ ಸಮವಲ್ಲವೆಂದೇ ನಾನು ಹೇಳುತ್ತೇನೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಬೆಳಕು ತೂರಿ ಬಂದರೆ ಬಿಸಿಲೂ ತೂರುತ್ತದೆ. ಒತ್ತು ನೇಯ್ಗೆಯ, ಗಾಢ ಬಣ್ಣದ ಬಟ್ಟೆ ಒಳ್ಳೆಯದು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ತೀಕ್ಷ್ಣವಾಗಿದೆಯೆಂದು ತಿಳಿದು ಮರದ ನೆರಳು ಹಿಡಿಯಿರಿ.

ಅಂಗಡಿಯದನ್ನೇ ಕೊಳ್ಳುವುದಾದರೆ ಎಸ್‌ಪಿಎಫ್ 30, 'ಬ್ರಾಡ್ ಸ್ಪೆಕ್ಟ್ರಮ್' ಎಂದಿದೆಯೇ ನೋಡಿ. ಬೆಲೆ ಹೆಚ್ಚಿದ್ದ ಮಾತ್ರಕ್ಕೆ ಗುಣ ಹೆಚ್ಚಲ್ಲ. ಮುಖ, ಕುತ್ತಿಗೆಗೆ ಎರಡು ಬೆರಳುದ್ದದಷ್ಟು ಬೇಕು. ಹೊರಡುವ ಕಾಲು ಗಂಟೆ ಮೊದಲು ಹಚ್ಚಿ, ಹೊರಗಿದ್ದಷ್ಟು ಹೊತ್ತು ಎರಡೆರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಆರು ತಿಂಗಳೊಳಗಿನ ಕೂಸಿಗೆ ಹಚ್ಚದೆ ನೆರಳಿನಲ್ಲೇ ಇಡಿ.

ಆಸ್ಪತ್ರೆಯಿಂದ ಮನೆಗೆ ಹೋಗುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಡಾಕ್ಸಿಸೈಕ್ಲಿನ್, ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಜೈಡ್, ಹೃದಯದ ಬಡಿತಕ್ಕೆ ಕೊಡುವ ಅಮಿಯೋಡರೋನ್ ಸೇವಿಸುವವರಿಗೆ ಸ್ವಲ್ಪ ಬಿಸಿಲಿಗೂ ಚರ್ಮ ಸುಡಬಹುದು. ಲೂಪಸ್ ಇರುವವರಿಗೆ ಬಿಸಿಲಿನಿಂದ ಕಾಯಿಲೆಯೇ ಕೆರಳುತ್ತದೆ. ಸುಟ್ಟಗಾಯ ಮಾಯ್ದ ಹೊಸ ಚರ್ಮವನ್ನೂ, ತೊನ್ನಿನ ಬಿಳಿ ಜಾಗವನ್ನೂ ಮುಚ್ಚಿಕೊಳ್ಳಬೇಕು. ಮೈಮೇಲೆ ಕೆಂಪು ದದ್ದು ಕಂಡರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮಾತ್ರೆಯ ಪಟ್ಟಿಯನ್ನು, ಹಚ್ಚಿದ ಲೇಪವಿದ್ದರೆ ಅದನ್ನೂ ತೆಗೆದುಕೊಂಡು ಹೊರರೋಗಿ ವಿಭಾಗಕ್ಕೆ ಬಂದು ವೈದ್ಯರಿಗೆ ತೋರಿಸಿ.