ಕತ್ತರಿಸುವುದನ್ನು ನಿಲ್ಲಿಸಿದ ಕಿಣ್ವ

ಪ್ರೋಟೀನ್ ಕತ್ತರಿಸುವ ಕಿಣ್ವ ಎಂದರೆ ಹೆಚ್ಚಿನವರಿಗೆ ಜಠರದ ಪೆಪ್ಸಿನ್ ನೆನಪಾಗುತ್ತದೆ. ಕ್ಯಾಲ್ಪೇನ್ ಬೇರೆ ಜಾತಿಯದು. ಅದು ಜೀವಕೋಶದ ಒಳಗೇ ಇದ್ದು, ಪ್ರೋಟೀನನ್ನು ಪೂರ್ತಿ ಜೀರ್ಣಿಸದೆ, ಆಯ್ದ ಜಾಗದಲ್ಲಷ್ಟೇ ತುಂಡರಿಸುತ್ತದೆ. ಕ್ಯಾಲ್ಸಿಯಂ ಸಿಗದಿದ್ದರೆ ಸುಮ್ಮನಿರುತ್ತದೆ. 1964ರಲ್ಲಿ ಇಲಿಯ ಮೆದುಳಿನಲ್ಲಿ ಇದರ ಗುರುತು ಸಿಕ್ಕಿತು; ಮನುಷ್ಯರಲ್ಲಿ ಈ ಕುಟುಂಬಕ್ಕೆ 15 ಜೀನ್‌ಗಳಿವೆ ಎಂದು ಈಗ ಗೊತ್ತಾಗಿದೆ.

ಇಲಿಯ ಸ್ನಾಯುವಿನಲ್ಲಿ ಕ್ಯಾಲ್ಪೇನ್‌ಗಳನ್ನು ಹುಡುಕುವ ಕೆಲಸ ನನ್ನದಾಗಿತ್ತು. ಸ್ನಾಯುವನ್ನು ಮಂಜುಗಡ್ಡೆಯ ಮೇಲಿಟ್ಟೇ ಅರೆಯಬೇಕು, ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಬೆರೆಸಲೇಬೇಕು. ಇಲ್ಲವಾದರೆ ಕ್ಯಾಲ್ಪೇನ್ ತನ್ನನ್ನೇ ಕತ್ತರಿಸಿಕೊಳ್ಳುತ್ತದೆ. ಹಾಲಿನ ಪ್ರೋಟೀನ್ ಕೇಸೀನ್ ಸೇರಿಸಿದ ಜೆಲ್‌ನಲ್ಲಿ ಆ ಸಾರವನ್ನು ಓಡಿಸಿ, ರಾತ್ರಿಯಿಡೀ ಕ್ಯಾಲ್ಸಿಯಂ ದ್ರಾವಣದಲ್ಲಿ ನೆನೆಯಲು ಬಿಟ್ಟು, ಬೆಳಿಗ್ಗೆ ಕೂಮಾಸಿ ಬಣ್ಣ ಹಾಕಿದರೆ ಜೆಲ್ ಗಾಢ ನೀಲಿಗೆ ತಿರುಗುತ್ತದೆ. ಕಿಣ್ವ ನಿಂತ ಕಡೆ ಕೇಸೀನ್ ಉಳಿದಿರುವುದಿಲ್ಲ, ಅಲ್ಲಿ ತಿಳಿಯಾದ ಪಟ್ಟಿ ಮೂಡುತ್ತದೆ. ಮೇಲಿನದು ಕ್ಯಾಲ್ಪೇನ್-1, ಕೆಳಗಿನದು ಕ್ಯಾಲ್ಪೇನ್-2.

ಎರಡರಲ್ಲೂ ಚಿಕ್ಕ ಉಪಘಟಕ ಒಂದೇ. ಆದರೆ ಮೊದಲನೆಯದಕ್ಕೆ ಮೈಕ್ರೋಮೋಲಾರ್ ಮಟ್ಟದ ಕ್ಯಾಲ್ಸಿಯಂ ಸಾಕು, ಎರಡನೆಯದಕ್ಕೆ ಮಿಲಿಮೋಲಾರ್‌ಗೆ ಹತ್ತಿರದಷ್ಟು ಬೇಕು. ಕ್ಯಾಲ್ಪೇನ್-1 ಇಲ್ಲದ ಇಲಿ ಬದುಕುತ್ತದೆ. ಕ್ಯಾಲ್ಪೇನ್-2 ಇಲ್ಲದ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವ ಮೊದಲೇ ಸಾಯುತ್ತದೆ. ಇಷ್ಟು ಹೋಲುವ ಎರಡು ಕಿಣ್ವಗಳ ನಡುವೆ ಇಷ್ಟು ಅಂತರ!

ಆ ಪಟ್ಟಿಗಳನ್ನು ಓದುತ್ತ ಕಲಿತದ್ದು, ಕಿಣ್ವ ಇದೆ ಎನ್ನುವುದೇ ಬೇರೆ, ಅದು ಕೋಶದಲ್ಲಿ ದುಡಿಯುತ್ತಿದೆ ಎನ್ನುವುದೇ ಬೇರೆ. ಜೀವಂತ ಸ್ನಾಯುವಿನಲ್ಲಿ ಕ್ಯಾಲ್ಪಾಸ್ಟಾಟಿನ್ ಎಂಬ ಪ್ರೋಟೀನ್ ಇವೆರಡನ್ನೂ ಹಿಡಿದಿಟ್ಟಿರುತ್ತದೆ. ಜೆಲ್‌ನಲ್ಲಿ ಓಡುವಾಗ ಆ ಹಿಡಿತ ತಪ್ಪುತ್ತದೆ. ಅಲ್ಲಿ ಕಾಣುವುದು ಕಿಣ್ವದ ಸಾಮರ್ಥ್ಯ ಮಾತ್ರ.

ನನ್ನನ್ನು ಬಹಳ ಕಾಡಿದ್ದು ಮೂರನೆಯದು. 1989ರಲ್ಲಿ ಜಪಾನಿನ ಹಿರೋಯುಕಿ ಸೋರಿಮಾಚಿ ಮತ್ತು ಸಂಗಡಿಗರು ಕಂಡುಹಿಡಿದ ಕ್ಯಾಲ್ಪೇನ್-3 ಮುಖ್ಯವಾಗಿ ಅಸ್ಥಿಸ್ನಾಯುವಿನದು. ಪ್ರಯೋಗಾಲಯದಲ್ಲಿ ಹತ್ತು ನಿಮಿಷದೊಳಗೇ ಅರ್ಧದಷ್ಟು ತನ್ನನ್ನು ತಾನೇ ಕತ್ತರಿಸಿಕೊಂಡು ಮುಗಿಯುತ್ತದೆ. ಸ್ನಾಯುವಿನಲ್ಲಿ ಟೈಟಿನ್ ಎಂಬ ದೈತ್ಯ ಪ್ರೋಟೀನಿಗೆ ಅಂಟಿಕೊಂಡು ಉಳಿಯುತ್ತದೆ. ಕ್ಯಾಲ್ಪಾಸ್ಟಾಟಿನ್ ಇದನ್ನು ತಡೆಯಲಾರದು. ಇದೇ ಕ್ಯಾಲ್ಪಾಸ್ಟಾಟಿನನ್ನು ಕತ್ತರಿಸುತ್ತದೆ.

ಸ್ನಾಯು ಕರಗುವ ಕಾಯಿಲೆಗಳಲ್ಲಿ ಕತ್ತರಿಸುವಿಕೆ ಅತಿಯಾಗಿರುತ್ತದೆ ಎಂದು ನಂಬುವುದು ಸುಲಭ. ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದ ಕುಟುಂಬಗಳು ಬೇರೆಯೇ ಕಥೆ ಹೇಳಿದವು. ಸೊಂಟ, ತೊಡೆ, ಹೆಗಲುಗಳ ಸ್ನಾಯು ಸೊರಗುವ ಆನುವಂಶಿಕ ಕಾಯಿಲೆ ಅಲ್ಲಿತ್ತು. 1995ರಲ್ಲಿ ಫ್ರಾನ್ಸಿನ ಇಸಾಬೆಲ್ ರಿಷಾರ್ ಮತ್ತು ತಂಡದವರು ಅದರ ಬೇರನ್ನು ಕ್ಯಾಲ್ಪೇನ್-3ರ ಜೀನ್‌ನಲ್ಲಿ ಕಂಡರು. ಪುಟ್ಟ ಸಮುದಾಯ, ಹಾಗಾಗಿ ಎಲ್ಲರಲ್ಲೂ ಒಬ್ಬ ಪೂರ್ವಜನಿಂದ ಬಂದ ಒಂದೇ ಮ್ಯುಟೇಶನ್ ಇರಬೇಕಿತ್ತು. ಸಿಕ್ಕಿದ್ದು ಹಲವು. ಕಿಣ್ವ ಕೆಟ್ಟದ್ದರಿಂದ, ಅಂದರೆ ಕತ್ತರಿಸುವ ಕೆಲಸ ನಿಂತದ್ದರಿಂದಲೇ ಸ್ನಾಯು ನಶಿಸುತ್ತಿತ್ತು. ಇದನ್ನು ಓದಿದ ಮೇಲೆ ‘ಕ್ಯಾಲ್ಪೇನ್ ಹೆಚ್ಚಾಯಿತು’ ಎಂಬ ಯಾವ ವರದಿ ಬಂದರೂ, ಯಾವ ಕ್ಯಾಲ್ಪೇನ್ ಎಂದು ಮೊದಲು ಕೇಳುವುದು ನನಗೆ ರೂಢಿಯಾಯಿತು.

ಕಿಣ್ವ ಇದೆಯೇ, ದುಡಿಯುತ್ತಿದೆಯೇ ಎಂಬ ಪ್ರಶ್ನೆ ರೋಗಪತ್ತೆಗೂ ಮುಖ್ಯ. ಕೆಲವು ರೋಗಿಗಳ ಬಯಾಪ್ಸಿಯಲ್ಲಿ ವೆಸ್ಟರ್ನ್ ಬ್ಲಾಟ್ ಮಾಡಿದರೆ ಕ್ಯಾಲ್ಪೇನ್-3ರ ಪಟ್ಟಿ ಸರಿಯಾಗಿಯೇ ಇರುತ್ತದೆ. ಪ್ರೋಟೀನ್ ಇದೆ, ಕತ್ತರಿಸುವ ಶಕ್ತಿ ಇಲ್ಲ. ಅಂಥವರಿಗೆ ಜೀನ್ ಪರೀಕ್ಷೆಯೇ ಬೇಕು.

ಚಿಕಿತ್ಸೆಯ ಹಾದಿಯಲ್ಲಿ, ಕಿಣ್ವ ಯಾವ ಅಂಗಾಂಶದಲ್ಲಿದೆ ಎಂಬ ಪ್ರಶ್ನೆಯೂ ಎದುರಾಯಿತು. ರಿಷಾರ್ ಅವರ ತಂಡ ನಿರುಪದ್ರವಿ ವೈರಸ್ ಮೂಲಕ ಇಲಿಗಳಿಗೆ ಸರಿಯಾದ ಜೀನ್ ಕೊಟ್ಟಾಗ ಕ್ಯಾಲ್ಪೇನ್-3 ಹೃದಯದಲ್ಲೂ ತಯಾರಾಗಿ ಅಲ್ಲಿ ಹಾನಿ ಮಾಡಿತು. ಹೃದಯದಲ್ಲಷ್ಟೇ ಇರುವ ಒಂದು ಮೈಕ್ರೋ ಆರ್‌ಎನ್‌ಎ ಗುರುತಿಸುವಂಥ ಅನುಕ್ರಮವನ್ನು ಅವರು ಜೀನಿಗೆ ಜೋಡಿಸಿದರು. ಆಮೇಲೆ ಹೃದಯದಲ್ಲಿ ಅದರ ಉತ್ಪಾದನೆ ಅಡಗಿತು, ಕಾಲಿನ ಸ್ನಾಯು ಸುಧಾರಿಸಿತು. 2013ರಲ್ಲಿ ಆ ಫಲಿತಾಂಶ ಪ್ರಕಟವಾಯಿತು.