ಮಕ್ಕಳ ಹೃದಯದ ಎಕೋ ಅಳತೆಯಲ್ಲಿ ಎತ್ತರ ಮತ್ತು ತೂಕದ ಪಾತ್ರ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಹಾಗೂ ಶಾಲೆಗಳಲ್ಲಿ ತಪಾಸಣೆ ನಡೆಸಿ, ಹೃದ್ರೋಗದ ಶಂಕೆಯಿರುವ ಮಕ್ಕಳನ್ನು ಮೇಲಿನ ಆಸ್ಪತ್ರೆಗೆ ಕಳುಹಿಸುತ್ತವೆ. ಅಲ್ಲಿ ನಡೆಯುವ ಎಕೋಕಾರ್ಡಿಯೋಗ್ರಫಿಯು ಶ್ರವಣಾತೀತ ಧ್ವನಿತರಂಗಗಳಿಂದ ಹೃದಯದ ಚಿತ್ರವನ್ನು ಮೂಡಿಸುವ ಪರೀಕ್ಷೆ. ಇದರಲ್ಲಿ ನೋವಾಗಲಿ, ಎಕ್ಸ್-ರೇಯಂತಹ ವಿಕಿರಣವಾಗಲಿ ಇಲ್ಲ. ಕವಾಟ, ಕೋಣೆ ಹಾಗೂ ರಕ್ತನಾಳಗಳ ಅಗಲವನ್ನು ಮಿಲಿಮೀಟರುಗಳಲ್ಲಿ ಅಳೆಯಲಾಗುತ್ತದೆ.

ಆದರೆ ಬರೀ ಮಿಲಿಮೀಟರಿನಿಂದ ಮಗುವಿನ ವಿಷಯದಲ್ಲಿ ತೀರ್ಮಾನಕ್ಕೆ ಬರಲಾಗದು. ಹೃದಯವು ದೇಹದೊಡನೆ ಬೆಳೆಯುತ್ತದೆ. 3 ಮಿ.ಮೀ. ಅಗಲದ ಕರೋನರಿ ರಕ್ತನಾಳವು ಹದಿಹರೆಯದವರಲ್ಲಿ ಸಹಜ. ಎಳೆಯ ಶಿಶುವಿನಲ್ಲಿ ಅದೇ ಅಳತೆ ರೋಗಸೂಚಕ. ಆದ್ದರಿಂದ ಎತ್ತರ ಮತ್ತು ತೂಕಗಳಿಂದ ದೇಹದ ಮೇಲ್ಮೈ ವಿಸ್ತೀರ್ಣವನ್ನು ಲೆಕ್ಕಹಾಕಿ, ಅಷ್ಟೇ ವಿಸ್ತೀರ್ಣದ ಆರೋಗ್ಯವಂತ ಮಕ್ಕಳ ಸರಾಸರಿಯಿಂದ ಅಳತೆಯು ಎಷ್ಟು ದೂರದಲ್ಲಿದೆ ಎಂಬುದನ್ನು ಝಡ್ ಸ್ಕೋರ್ ರೂಪದಲ್ಲಿ ಹೇಳಲಾಗುತ್ತದೆ. ಸಾಮಾನ್ಯವಾಗಿ ಋಣ 2ರಿಂದ ಧನ 2ರವರೆಗಿನದು ಸಹಜ ವ್ಯಾಪ್ತಿ.

ತೂಕದ ದಾಖಲೆಯ ಮಹತ್ವ ಇಲ್ಲಿಯೇ ಇದೆ. ಎತ್ತರವನ್ನು ಸೆಂಟಿಮೀಟರಿನಲ್ಲೂ ತೂಕವನ್ನು ಕಿಲೋಗ್ರಾಮಿನಲ್ಲೂ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ವಿಸ್ತೀರ್ಣ ದೊರೆಯುತ್ತದೆ. 100 ಸೆಂ.ಮೀ. ಎತ್ತರ, 16 ಕೆ.ಜಿ. ತೂಕದ ಮಗುವಿಗೆ ಅದು ಸುಮಾರು 0.67 ಚದರ ಮೀಟರ್. ಅದೇ ಮಗುವಿನ ತೂಕವನ್ನು 20 ಕೆ.ಜಿ. ಎಂದು ಬರೆದರೆ ಸುಮಾರು 0.75 ಆಗುತ್ತದೆ. ಮಗುವನ್ನು ದೊಡ್ಡದೆಂದು ಭಾವಿಸಿದ ಲೆಕ್ಕದಲ್ಲಿ, ಹಿಗ್ಗಿದ ರಕ್ತನಾಳವೂ ಸಹಜವೆಂದು ತೋರೀತು. ಯಂತ್ರ ಎಷ್ಟೇ ಉತ್ತಮವಾಗಿರಲಿ, ಈ ತಪ್ಪನ್ನು ಅದು ಹಿಡಿಯದು.

ಕವಾಸಾಕಿ ರೋಗದಲ್ಲಿ ಇದು ಬಲು ಸೂಕ್ಷ್ಮ. ಕರೋನರಿಯ ಝಡ್ ಸ್ಕೋರ್ 2.5 ಮುಟ್ಟಿದರೆ ಉಬ್ಬು ಎಂದೂ, 10 ಮುಟ್ಟಿದರೆ ಬೃಹತ್ ಉಬ್ಬು ಎಂದೂ ವರ್ಗೀಕರಿಸಿ ಔಷಧ ನಿರ್ಧರಿಸಲಾಗುತ್ತದೆ. ಗಡಿಯಲ್ಲಿರುವ ಮಗುವಿನ ಚಿಕಿತ್ಸೆಯು ತೂಕದ ಯಂತ್ರವನ್ನೂ ಅವಲಂಬಿಸಿದೆ ಎನ್ನುವುದು ಅತಿಶಯೋಕ್ತಿಯಲ್ಲ. ಹೃದಯ ವೈಫಲ್ಯದಿಂದ ಬಾವು ಬಂದ ಮಗುವಿನ ತೂಕದಲ್ಲಿ ನೀರಿನ ಪಾಲೂ ಸೇರಿರುತ್ತದೆ. ತೀವ್ರ ಅಪೌಷ್ಟಿಕತೆಯಲ್ಲಿ ವಿಸ್ತೀರ್ಣ ಕುಗ್ಗಿ ಝಡ್ ಸ್ಕೋರ್ ಏರಿದಂತೆ ಕಾಣಬಹುದು. ಇವೆರಡನ್ನೂ ರೆಫರಲ್ ಚೀಟಿಯಲ್ಲಿ ನಮೂದಿಸುವುದು ಅವಶ್ಯ.

ಅಳೆಯುವ ಕ್ರಮವೂ ಒಂದೇ ಆಗಿರಬೇಕು. ಅಮೆರಿಕನ್ ಸೊಸೈಟಿ ಆಫ್ ಎಕೋಕಾರ್ಡಿಯೋಗ್ರಫಿಯ 2010ರ ಮಾರ್ಗಸೂಚಿಯಂತೆ ಮಕ್ಕಳ ಮಹಾಪಧಮನಿಯ ಬುಡವನ್ನು ಹೃದಯ ಸಂಕುಚಿಸುವಾಗ, ಒಳ ಅಂಚಿನಿಂದ ಒಳ ಅಂಚಿಗೆ ಅಳೆಯಬೇಕು. ವಯಸ್ಕರ ರೂಢಿ ಬೇರೆ. ಆಧಾರ ಕೋಷ್ಟಕಗಳೂ ಹಲವಿವೆ. ಮರುಪರೀಕ್ಷೆಗೆ ಹೋಗುವ ಮಗುವಿನೊಂದಿಗೆ ಹಿಂದಿನ ಎಕೋ ವರದಿಯನ್ನೂ, ಪಾಲಕರ ಹೇಳಿಕೆ ಅಥವಾ ಹಳೆಯ ಕಾರ್ಡಿನಿಂದ ತೆಗೆದುಕೊಳ್ಳದೆ ಅಂದೇ ಪಾದರಕ್ಷೆ ಕಳಚಿಸಿ ಅಳೆದ ಎತ್ತರ ಮತ್ತು ತೂಕವನ್ನೂ ಕಳುಹಿಸತಕ್ಕದ್ದು.