ಬೇಡ ಎನ್ನುವುದಕ್ಕೆ ಎಷ್ಟು ಫೀಸು?

ನನ್ನ ಮೊಬೈಲ್ ನಂಬರು ಸುಮಾರು ನಾನೂರು ರೋಗಿಗಳ ಬಳಿ ಇದೆ. ರಾತ್ರಿ ಎರಡು ಗಂಟೆಗೆ ಎದೆ ಉರಿದರೂ, ಪ್ಯಾರಿಸ್ಸಿನ ಹೋಟೆಲು ಸೇರಿದ ಮೇಲೆ ಮಾತ್ರೆ ಡಬ್ಬಿ ಮನೆಯಲ್ಲೇ ಉಳಿಯಿತು ಎಂದು ಗೊತ್ತಾದರೂ ಅವರು ನನಗೆ ಫೋನ್ ಮಾಡಬಹುದು. ಮಾಡುತ್ತಾರೆ. ಅದಕ್ಕೆಂದೇ ಒಬ್ಬೊಬ್ಬರೂ ವರ್ಷಕ್ಕೆ ಕೆಲವು ಸಾವಿರ ಡಾಲರ್ ಕಟ್ಟುತ್ತಾರೆ. ಇನ್ಶೂರೆನ್ಸ್ ಕಂತು ಬೇರೆ, ಆಸ್ಪತ್ರೆಯ ಬಿಲ್ಲು ಬೇರೆ. ಇದು ವೈದ್ಯೆ ಕೈಗೆ ಸಿಗಲಿ ಎಂದು ಕೊಡುವ ದುಡ್ಡು. ಅಮೆರಿಕದಲ್ಲಿ ಇದನ್ನು ಕಾನ್ಸಿಯರ್ಜ್ ಮೆಡಿಸಿನ್ ಅನ್ನುತ್ತಾರೆ. ಊರಿಗೆ ಬಂದಾಗ ಮೈಸೂರಿನ ಸಹಪಾಠಿಗಳು, "ಅಂದ್ರೆ ಆಸ್ಥಾನ ವೈದ್ಯೆ ಅನ್ನು" ಎಂದು ಕಾಲೆಳೆಯುತ್ತಾರೆ. ಪೂರ್ತಿ ಸುಳ್ಳೇನಲ್ಲವಾದ್ದರಿಂದ ನಾನೂ ನಕ್ಕು ಸುಮ್ಮನಾಗುತ್ತೇನೆ.

ಓದಿದ್ದು ಮೈಸೂರು ಮೆಡಿಕಲ್ ಕಾಲೇಜಿನಲ್ಲಿ. ಕೆ.ಆರ್. ಆಸ್ಪತ್ರೆಯ ಓಪಿಡಿಯಲ್ಲಿ ಒಂದೇ ಮೇಜಿನ ಮೂರು ಕಡೆಯಿಂದ ಮೂವರು ರೋಗಿಗಳು ಒಟ್ಟಿಗೆ ಕಷ್ಟ ಹೇಳಿಕೊಳ್ಳುವುದನ್ನು ಕೇಳಿ ಬೆಳೆದವಳು ನಾನು. ಕ್ಯಾಲಿಫೋರ್ನಿಯಾಕ್ಕೆ ಬಂದು ಇಂಟರ್ನಲ್ ಮೆಡಿಸಿನ್ ಮುಗಿಸಿ ಕೆಲಸಕ್ಕೆ ಸೇರಿದಾಗ, ಇಲ್ಲಾದರೂ ರೋಗಿಯ ಮಾತು ಪೂರ್ತಿ ಕೇಳಬಹುದು ಅಂದುಕೊಂಡಿದ್ದೆ. ನನ್ನ ಹೆಸರಿನಲ್ಲಿ 2000ಕ್ಕೂ ಹೆಚ್ಚು ರೋಗಿಗಳಿದ್ದರು. ಒಬ್ಬೊಬ್ಬರಿಗೆ ಹದಿನೈದು ನಿಮಿಷ, ಅದರಲ್ಲೂ ಅರ್ಧ ಹೊತ್ತು ಕಣ್ಣು ಕಂಪ್ಯೂಟರಿನ ಮೇಲೆ. ವೈದ್ಯರು ರೋಗಿಯ ಎದುರು ಕಳೆಯುವ ಪ್ರತಿ ಒಂದು ಗಂಟೆಗೆ ಸುಮಾರು ಎರಡು ಗಂಟೆ ಕಂಪ್ಯೂಟರು, ಕಾಗದಪತ್ರಗಳಿಗೆ ಹೋಗುತ್ತದೆ ಎಂದು 2016ರಲ್ಲಿ ಒಂದು ಅಧ್ಯಯನ ಹೇಳಿತು. ನಮ್ಮ ಕ್ಲಿನಿಕ್ಕಿನಲ್ಲಿ ಅದನ್ನು ಓದಿ ಯಾರೂ ಆಶ್ಚರ್ಯಪಡಲಿಲ್ಲ. ರಾತ್ರಿ ಮಕ್ಕಳು ಮಲಗಿದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಆ ದಿನದ ಟಿಪ್ಪಣಿ ಮುಗಿಸುವುದು ಎಲ್ಲರ ಮನೆಯಲ್ಲೂ ನಡೆಯುತ್ತಿದ್ದ ಕೆಲಸ.

ಕಾನ್ಸಿಯರ್ಜ್ ಪದ್ಧತಿ ಶುರುವಾಗಿದ್ದು 1996ರಲ್ಲಿ, ಸಿಯಾಟಲ್‌ನಲ್ಲಿ. ಅಲ್ಲಿನ ಸೂಪರ್‌ಸಾನಿಕ್ಸ್ ಬಾಸ್ಕೆಟ್‌ಬಾಲ್ ತಂಡದ ವೈದ್ಯರಾಗಿದ್ದ ಹೊವರ್ಡ್ ಮ್ಯಾರನ್, ಆಟಗಾರರಿಗೆ ಸಿಗುವ ಉಪಚಾರ ದುಡ್ಡಿರುವ ಬೇರೆಯವರಿಗೂ ಯಾಕೆ ಸಿಗಬಾರದು ಎಂದು ಎಂ.ಡಿ. ಸ್ಕ್ವೇರ್ಡ್ ಕಟ್ಟಿದರು. ಒಬ್ಬ ವೈದ್ಯರಿಗೆ 50 ಕುಟುಂಬ, ಅಷ್ಟೇ. 2000ದಲ್ಲಿ ಫ್ಲಾರಿಡಾದಲ್ಲಿ ಹುಟ್ಟಿದ ಎಂ.ಡಿ.ವಿ.ಐ.ಪಿ. ಅದನ್ನೇ ಸ್ವಲ್ಪ ಅಗ್ಗ ಮಾಡಿ, ಒಬ್ಬ ವೈದ್ಯರಿಗೆ 600 ರೋಗಿಗಳ ಮಿತಿ ಹಾಕಿ ದೇಶದ ತುಂಬ ಹರಡಿತು. ನಾನು ಸೇರಿದ್ದು ಈ ಎರಡರ ನಡುವಿನ, ನಾಲ್ಕೈದು ವೈದ್ಯರ ಒಂದು ಸಣ್ಣ ಪ್ರಾಕ್ಟೀಸಿಗೆ.

ಸೇರುವ ಮೊದಲು ಹಳೆಯ ರೋಗಿಗಳಿಗೆಲ್ಲ ಪತ್ರ ಹೋಗುತ್ತದೆ: ಇಂಥ ದಿನದಿಂದ ಇಷ್ಟು ಫೀಸು ಕಟ್ಟಿದರೆ ನಾನು ನಿಮ್ಮ ವೈದ್ಯೆಯಾಗಿ ಮುಂದುವರಿಯುತ್ತೇನೆ, ಇಲ್ಲವಾದರೆ ಬೇರೆ ವೈದ್ಯರನ್ನು ಹುಡುಕಿಕೊಡಲು ನೆರವಾಗುತ್ತೇನೆ. ಕಾನೂನಿನ ಪ್ರಕಾರ ಅದರಲ್ಲಿ ಕುಂದೇನೂ ಇರಲಿಲ್ಲ. ಸ್ಕೂಲ್ ಬಸ್ ಓಡಿಸಿ ನಿವೃತ್ತಳಾದ ಒಬ್ಬಾಕೆ, ಸಕ್ಕರೆ ಕಾಯಿಲೆಯವಳು, ಪತ್ರ ಕೈಯಲ್ಲೇ ಹಿಡಿದು ಬಂದಳು. ಪ್ರತಿ ಬೇಸಿಗೆಯಲ್ಲಿ ತನ್ನ ಹಿತ್ತಿಲ ಟೊಮ್ಯಾಟೊ ತಂದುಕೊಡುತ್ತಿದ್ದವಳು. "ಈ ದುಡ್ಡಿನಲ್ಲಿ ನಮ್ಮ ಮನೆಯ ಸೂರು ರಿಪೇರಿಯಾಗುತ್ತೆ ಡಾಕ್ಟರ್" ಎಂದಳು. ಸಿಟ್ಟಿರಲಿಲ್ಲ, ಲೆಕ್ಕ ಒಪ್ಪಿಸುವ ಧಾಟಿಯಿತ್ತು. ಬೇರೆ ವೈದ್ಯರೇನೋ ಸಿಕ್ಕರು, ಮೊದಲ ಭೇಟಿಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. ನನ್ನ ಪಟ್ಟಿಯಲ್ಲಿ ಉಳಿದವರಿಗೆ ಅದೇ ವಾರದಿಂದ ಅವತ್ತಿನ ಭೇಟಿ ಅವತ್ತೇ ಸಿಗತೊಡಗಿತು. ನನ್ನ ದಿನಕ್ಕೆ ಒಂದು ಗಂಟೆಯೂ ಹೊಸದಾಗಿ ಸೇರಿರಲಿಲ್ಲ. ಆಕೆಯಂಥವರ ಪಾಲಿನ ನಿಮಿಷಗಳೇ ಇವರ ಪಾಲಿಗೆ ಬಂದಿದ್ದವು. "ನೀನು ಇದಕ್ಕೆ ಸೇರದಿದ್ದರೆ ಸುಸ್ತಾಗಿ ಕೆಲಸವನ್ನೇ ಬಿಡುತ್ತಿದ್ದೆ, ಆಗ ಯಾರಿಗೂ ಸಿಗುತ್ತಿರಲಿಲ್ಲವಲ್ಲ" ಎಂದು ಸಹೋದ್ಯೋಗಿಗಳು ಸಮಾಧಾನ ಹೇಳುತ್ತಾರೆ. ಇರಬಹುದು. ತಿಂಗಳಿಗೆ ಒಂದೆರಡು ಸಲ ಉಚಿತ ಕ್ಲಿನಿಕ್ಕಿನಲ್ಲಿ ಕೂರುತ್ತೇನೆ. ನಮ್ಮ ವೃತ್ತಿಯಲ್ಲಿ ಹಲವರು ಹೀಗೆ ಮಾಡುತ್ತಾರೆ. ಅದು ಹುಂಡಿಗೆ ಹಾಕುವ ಕಾಸು ಎಂದು ನನಗೆ ಗೊತ್ತಿದೆ.

ಇನ್ನು ಗುಣಮಟ್ಟದ ಮಾತು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ನೀತಿಸಂಹಿತೆಯಲ್ಲಿ, ಇಂಥ ಫೀಸು ಕೊಟ್ಟರೆ ಹೆಚ್ಚಿನ ಅಥವಾ ಉತ್ತಮ ಚಿಕಿತ್ಸೆ ಸಿಗುತ್ತದೆ ಎಂದು ಆಸೆ ಹುಟ್ಟಿಸಿ ಪ್ರಚಾರ ಮಾಡಬಾರದು ಎಂದಿದೆ. ಹಾಗಾದರೆ ಜನ ದುಡ್ಡು ಕೊಡುವುದು ಯಾತಕ್ಕೆ? ನಮ್ಮ ಬ್ರೋಷರಿನಲ್ಲಿ "ಸಮಯ", "ಸಂಪರ್ಕ" ಎಂಬ ಮಾತುಗಳಿವೆ. ಓದುವವರು ಅದನ್ನು "ಉತ್ತಮ" ಎಂದೇ ಓದಿಕೊಳ್ಳುತ್ತಾರೆ.

ಒಮ್ಮೊಮ್ಮೆ ಅದು ನಿಜವೂ ಆಗುತ್ತದೆ. ಎಪ್ಪತ್ತು ದಾಟಿದ ಒಬ್ಬರು ಹೊಸದಾಗಿ ಬಂದರು. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತನ್ನಿ ಎಂದಿದ್ದೆ. ದಿನಸಿ ಅಂಗಡಿಯ ಚೀಲದಲ್ಲಿ ತಂದು ಮೇಜಿನ ಮೇಲೆ ಸುರಿದರು. ಒಂದೊಂದೇ ಡಬ್ಬಿ ಎತ್ತಿ, ಯಾರು ಕೊಟ್ಟರು, ಯಾವಾಗ, ಯಾತಕ್ಕೆ ಎಂದು ಕೇಳುತ್ತ ಹೋದೆ. ಮೊದಲು ಬಿ.ಪಿ.ಗೆ ಆಮ್ಲೊಡಿಪಿನ್. ಅದರಿಂದ ಕಾಲು ಊದಿಕೊಂಡಿತು. ಅದು ಆ ಮಾತ್ರೆಯ ಸಾಮಾನ್ಯ ಅಡ್ಡಪರಿಣಾಮ. ಇನ್ನೊಬ್ಬ ವೈದ್ಯರು ಊತ ಇಳಿಯಲೆಂದು ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಕೊಟ್ಟರು. ಅದು ಯೂರಿಕ್ ಆಮ್ಲ ಏರಿಸಿತು, ಕಾಲಿನ ಹೆಬ್ಬೆರಳಿಗೆ ಗೌಟ್ ಬಂತು. ಭಾನುವಾರದ ತುರ್ತು ಕ್ಲಿನಿಕ್ಕಿನಲ್ಲಿ ಮತ್ತೊಬ್ಬರು ನೋವಿಗೆ ಐಬುಪ್ರೊಫೆನ್ ಬರೆದರು. ಅದು ಬಿ.ಪಿ. ಏರಿಸಿತು. ಬಿ.ಪಿ. ಏರಿತೆಂದು ಆಮ್ಲೊಡಿಪಿನ್ ಎರಡರಷ್ಟಾಯಿತು. ನಾಲ್ವರು ವೈದ್ಯರು, ಯಾರದೂ ದಡ್ಡತನವಲ್ಲ, ಎಲ್ಲರಿಗೂ ಇದ್ದದ್ದು ಹದಿನೈದು ನಿಮಿಷ. ನಾನು ಆಮ್ಲೊಡಿಪಿನ್ ನಿಲ್ಲಿಸಿ, ಯೂರಿಕ್ ಆಮ್ಲವನ್ನೂ ತುಸು ಇಳಿಸುವ ಲೊಸಾರ್ಟನ್ ಹಾಕಿದೆ. ಉಳಿದವನ್ನು ಒಂದೊಂದಾಗಿ ಬಿಡಿಸಿದೆ. ಕೆಲವೇ ವಾರಗಳಲ್ಲಿ ಅವರ ಪಾದ ಮತ್ತೆ ಹಳೆಯ ಶೂಗಳೊಳಗೆ ಹೋಯಿತು. ಇದರಲ್ಲಿ ಸಿರಿವಂತರಿಗಷ್ಟೇ ಗೊತ್ತಿರುವ ಔಷಧವೇನೂ ಇರಲಿಲ್ಲ. ಎಲ್ಲವೂ ಅಗ್ಗದ ಜೆನರಿಕ್ ಮಾತ್ರೆಗಳೇ. ಹಿಡಿದದ್ದು ಒಂದೂಕಾಲು ಗಂಟೆ.

ಅದೇ ಒಂದೂಕಾಲು ಗಂಟೆ ಇನ್ನೊಂದು ದಿಕ್ಕಿಗೂ ಎಳೆಯುತ್ತದೆ. ಹಳೆಯ ಕ್ಲಿನಿಕ್ಕಿನಲ್ಲಿ ನೆಗಡಿ ಎಂದು ಬಂದವರು ಆಂಟಿಬಯೋಟಿಕ್ ಬೇಕೆಂದು ಹಟ ಹಿಡಿದರೆ, ವೈರಸ್ಸಿಗೆ ಅದು ನಾಟುವುದಿಲ್ಲ ಎಂದು ತಿಳಿಹೇಳಲು ಪುರುಸೊತ್ತಿರಲಿಲ್ಲ. ಎಷ್ಟೋ ವೈದ್ಯರು ಬರೆದುಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಇಲ್ಲಿ ತಿಳಿಹೇಳಲು ಬೇಕಾದಷ್ಟು ಹೊತ್ತಿದೆ. ಆದರೆ ಎದುರು ಕೂತವರು ಮುಂದಿನ ಜನವರಿಯಲ್ಲಿ ಮತ್ತೆ ಫೀಸು ಕಟ್ಟಬೇಕಾದವರು. ಅಲ್ಲಿ "ಬೇಡ" ಎಂದರೆ ಐದು ನಿಮಿಷ ನಷ್ಟ, ಇಲ್ಲಿ ಮೂರು ಸಾವಿರ ಡಾಲರ್ ನಷ್ಟ. ಅದೇ ಚೀಟಿ, ಅದೇ ಬೇಡದ ಮಾತ್ರೆ, ಕಾರಣ ಮಾತ್ರ ಬೇರೆ. ಕಾನ್ಸಿಯರ್ಜ್ ಬಗ್ಗೆ ಹೊಗಳಿ ಬರೆಯುವವರು ಮೊದಲನೆಯ ಕಾರಣವನ್ನಷ್ಟೇ ಹೇಳುತ್ತಾರೆ.

ಆಂಟಿಬಯೋಟಿಕ್ ಚಿಕ್ಕ ವಿಷಯ. ದೊಡ್ಡದು ಸ್ಕ್ಯಾನು. ನನ್ನ ರೋಗಿಯೊಬ್ಬರಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಹೆಂಡತಿ ಪೂರ್ತಿ ದೇಹದ ಎಂ.ಆರ್.ಐ. ಮಾಡಿಸಿದರು, ನಾನು ಬೇಡವೆಂದ ಮೇಲೆ ಬೇರೆ ಕಡೆ. ಆರೋಗ್ಯವಾಗಿದ್ದ ಮನುಷ್ಯ. ಪಿತ್ತಕೋಶದಲ್ಲಿ ಒಂದು ಕಲೆ ಕಂಡಿತು ಎಂದು ಫೋನಿನಲ್ಲಿ ಗಾಬರಿಯಿಂದ ಹೇಳಿದರು. ವರದಿ ತರಿಸಿ ನೋಡಿದರೆ ಅದು ಇದ್ದದ್ದು ಯಕೃತ್ತಿನಲ್ಲಿ. ಏನೆಂದು ಖಚಿತವಾಗಲಿಲ್ಲ, ಬಯಾಪ್ಸಿ ಮಾಡಿದರು, ರಕ್ತ ಸೋರಿತು, ಎರಡು ರಾತ್ರಿ ಆಸ್ಪತ್ರೆ. ಕೊನೆಗೆ ಅದು ನಿರಪಾಯದ ಗಂಟು. ಸಾಯುವವರೆಗೂ ಒಳಗೆ ಸುಮ್ಮನೆ ಇದ್ದುಬಿಡುತ್ತಿತ್ತು. ಲಕ್ಷಣಗಳಿಲ್ಲದವರಿಗೆ ಪೂರ್ತಿ ದೇಹದ ಸ್ಕ್ಯಾನನ್ನು ಶಿಫಾರಸು ಮಾಡಲು ಸಾಕಷ್ಟು ಪುರಾವೆಯಿಲ್ಲ ಎಂದು ಅಮೆರಿಕದ ರೇಡಿಯಾಲಜಿ ವೈದ್ಯರ ಸಂಘವೇ 2023ರಲ್ಲಿ ಹೇಳಿದೆ. ಸ್ಕ್ಯಾನು ಮಾಡಿ ಸಂಪಾದಿಸುವವರ ಸಂಘ ಅದು ಎಂಬುದನ್ನು ಗಮನಿಸಬೇಕು.

ದಕ್ಷಿಣ ಕೊರಿಯಾದ ಕಥೆಯನ್ನು ನಾನು ಹೊಸ ರೋಗಿಗಳಿಗೆಲ್ಲ ಹೇಳುತ್ತೇನೆ. ಅಲ್ಲಿ ಆರೋಗ್ಯವಂತರು ತಪಾಸಣೆ ಪ್ಯಾಕೇಜಿನ ಜೊತೆ ಥೈರಾಯ್ಡ್ ಅಲ್ಟ್ರಾಸೌಂಡನ್ನೂ ಮಾಡಿಸಿಕೊಳ್ಳತೊಡಗಿದರು. 1993ರಿಂದ 2011ರ ನಡುವೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 15 ಪಟ್ಟು ಏರಿತು. ಅದರಿಂದ ಸಾಯುವವರ ಪ್ರಮಾಣ ಇದ್ದಲ್ಲೇ ಇತ್ತು. ನಡುವೆ ಸಾವಿರಾರು ಜನ ಗ್ರಂಥಿ ತೆಗೆಸಿಕೊಂಡು ಬದುಕಿಡೀ ಮಾತ್ರೆಗೆ ಗಂಟುಬಿದ್ದರು. "ಬೇಗ ಕಂಡುಹಿಡಿದರೆ ಒಳ್ಳೆಯದಲ್ಲವೇ?" ಎಂಬ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ನನ್ನ ಬಳಿ ಇಲ್ಲ. ಕೇಳಿ ತಲೆಯಾಡಿಸುತ್ತಾರೆ, ಅರ್ಧದಷ್ಟು ಜನ ಆಮೇಲೆ ಸ್ಕ್ಯಾನು ಮಾಡಿಸುತ್ತಾರೆ.

ದೊಡ್ಡ ಮನುಷ್ಯರಿಗೆ ಕೆಟ್ಟ ಚಿಕಿತ್ಸೆ ಸಿಗುವುದು ಹೊಸದಲ್ಲ. ವಾಲ್ಟರ್ ವೈನ್‌ಟ್ರಾಬ್ ಎಂಬ ಮನೋವೈದ್ಯರು 1964ರಲ್ಲೇ ಇದಕ್ಕೆ ವಿ.ಐ.ಪಿ. ಸಿಂಡ್ರೋಮ್ ಎಂದು ಹೆಸರಿಟ್ಟು ಬರೆದರು. ನಾನು ಕಣ್ಣಾರೆ ಕಂಡದ್ದೂ ಉಂಟು. ಆಸ್ಪತ್ರೆಗೆ ದೊಡ್ಡ ದೇಣಿಗೆ ಕೊಟ್ಟ ನನ್ನ ರೋಗಿಯೊಬ್ಬರು ನ್ಯುಮೋನಿಯಾದಿಂದ ಅಲ್ಲೇ ದಾಖಲಾದರು. ಬಾಗಿಲಿಗೆ "ತೊಂದರೆ ಕೊಡಬೇಡಿ" ಎಂಬ ಫಲಕ. ನಿದ್ದೆ ಕೆಡಿಸುವುದು ಬೇಡವೆಂದು ನರ್ಸು ರಾತ್ರಿಯ ಜ್ವರ, ಬಿ.ಪಿ. ನೋಡಿರಲಿಲ್ಲ. ಬೆಳಗ್ಗೆ ಶ್ವಾಸಕೋಶದ ಸುತ್ತ ನೀರು ತೆಗೆಯಬೇಕಾಗಿ ಬಂದಾಗ ವಿಭಾಗದ ಮುಖ್ಯಸ್ಥರೇ ಗೌನು ತೊಟ್ಟು ಬಂದರು. ವರ್ಷಗಳಿಂದ ಅವರು ಹಿಡಿದದ್ದು ಮೀಟಿಂಗುಗಳ ಫೈಲು. ವಾರಕ್ಕೆ ನಾಲ್ಕು ಸಲ ಅದೇ ಕೆಲಸ ಮಾಡುವ ರೆಸಿಡೆಂಟ್ ಹುಡುಗಿ ಟ್ರೇ ಹಿಡಿದು ಮೂಲೆಯಲ್ಲಿ ನಿಂತಿದ್ದಳು. ಸೂಜಿ ಮೂರು ಸಲ ಹೋಯಿತು, ನೀರು ಬರಲಿಲ್ಲ. ನಾಲ್ಕನೆಯ ಸಲ ನಾನೇ, "ಸರ್, ಆಕೆ ಮಾಡಲಿ" ಎಂದೆ. ಅವಳು ಅಲ್ಟ್ರಾಸೌಂಡಿನಲ್ಲಿ ಜಾಗ ನೋಡಿ ಒಂದೇ ಏಟಿಗೆ ತೆಗೆದಳು. ಪಕ್ಕದ ವಾರ್ಡಿನಲ್ಲಿ ಬರೀ ಸರ್ಕಾರಿ ವಿಮೆಯ ಮೇಲೆ ಮಲಗಿದ್ದ ರೋಗಿಗೆ ಅವಳ ಕೈಯೇ ಮೊದಲು ಸಿಗುತ್ತಿತ್ತು.

ಇದರ ತುತ್ತತುದಿ ಮೈಕೆಲ್ ಜಾಕ್ಸನ್. 2009ರಲ್ಲಿ ಅವನ ಖಾಸಗಿ ವೈದ್ಯ ಕಾನ್ರಾಡ್ ಮರೆಗೆ ಗೊತ್ತಾಗಿದ್ದ ಸಂಬಳ ತಿಂಗಳಿಗೆ 1,50,000 ಡಾಲರ್. ನಿದ್ದೆ ಬರುತ್ತಿಲ್ಲ ಎಂದ ರೋಗಿಗೆ ಅವರು ಮನೆಯ ಮಲಗುವ ಕೋಣೆಯಲ್ಲೇ ಪ್ರೊಪೊಫೋಲ್ ಕೊಟ್ಟರು. ಅದು ಅರಿವಳಿಕೆಯ ಮದ್ದು, ಉಸಿರಾಟದ ಮೇಲೆ ಕಣ್ಣಿಡುವ ಯಂತ್ರಗಳು ಬೇಕು. ಜೂನ್ 25ರಂದು ಜಾಕ್ಸನ್ ತೀರಿಕೊಂಡ. 2011ರಲ್ಲಿ ಮರೆಗೆ ಶಿಕ್ಷೆಯಾಯಿತು. ಆ ಒಬ್ಬ ವೈದ್ಯನನ್ನು ಬೈದು ಮುಗಿಸುವುದು ಸುಲಭ. ನನ್ನಂಥವರು ಕೇಳಿಕೊಳ್ಳಬೇಕಾದದ್ದು ಬೇರೆ: ಒಬ್ಬನೇ ರೋಗಿ, ಅವನದೇ ಸಂಬಳ ಎಂದಾದಾಗ "ಆಗಲ್ಲ" ಎನ್ನುವ ಗಂಟಲು ಎಷ್ಟು ದಿನ ಉಳಿದೀತು? ಹಾಗಾಗಿ ನಾನೂರು ಜನರಲ್ಲಿ ಯಾರೊಬ್ಬರೂ ನನಗೆ ಅನಿವಾರ್ಯರಾಗದಂತೆ ನೋಡಿಕೊಂಡಿದ್ದೇನೆ. ಹೆಚ್ಚು ಕೊಡುತ್ತೇನೆ, ನಮ್ಮ ಮನೆಯವರನ್ನಷ್ಟೇ ನೋಡಿ ಎಂದವರಿಗೆ ಕೈಮುಗಿದಿದ್ದೇನೆ. ಮೊದಲ ಭೇಟಿಯಲ್ಲೇ, ಆಂಟಿಬಯೋಟಿಕ್, ನಿದ್ದೆ ಮಾತ್ರೆ, ಸ್ಕ್ಯಾನು ಈ ಮೂರನ್ನು ಕೇಳಿದಾಗ ಕೊಡುತ್ತೇನೆ ಎಂಬ ಭರವಸೆ ಈ ಫೀಸಿನಲ್ಲಿ ಸೇರಿಲ್ಲ ಎಂದು ಹೇಳಿಬಿಡುತ್ತೇನೆ. ಕೆಲವರು ಬಿಟ್ಟುಹೋಗಿದ್ದಾರೆ. ಉಳಿದ ತಿಂಗಳುಗಳ ದುಡ್ಡನ್ನು ವಾಪಸು ಕಳಿಸಿದ್ದೇನೆ.

ಇದನ್ನೆಲ್ಲ ಕೇಳಿದರೆ ನಮ್ಮೂರಿನವರು ಅಮೆರಿಕದ ಹುಚ್ಚಾಟ ಅನ್ನುತ್ತಾರೆ. ನಮ್ಮಲ್ಲೂ ಇದೆ, ಹೆಸರು ವಶೀಲಿ. "ಡಾಕ್ಟರು ಗೊತ್ತಿರೋರು" ಎಂಬ ಒಂದು ಫೋನಿಗೆ ಸರದಿ ಜಿಗಿಯುತ್ತದೆ; ರಾಜಕಾರಣಿಯ ಭಾವಮೈದುನ ದಾಖಲಾದರೆ ಐಸಿಯು ಒಳಗೆ ಹದಿನೈದು ಜನ ಚಪ್ಪಲಿ ಹಾಕಿಕೊಂಡೇ ನುಗ್ಗುತ್ತಾರೆ. ಫೀಸಿಗೆ ರಸೀದಿಯಾದರೂ ಇರುತ್ತದೆ.

ಕಳೆದ ರಾಜ್ಯೋತ್ಸವದಲ್ಲಿ, ಕನ್ನಡ ಕೂಟದ ಬಿಸಿಬೇಳೆಬಾತಿನ ಸಾಲಿನಲ್ಲಿ ಸಾಫ್ಟ್‌ವೇರ್ ಕಂಪನಿಯ ಒಬ್ಬರು ಹಿಡಿದು ನಿಲ್ಲಿಸಿದರು. "ಡಾಕ್ಟ್ರೇ, ನಮ್ಮನೇವ್ರೆಲ್ಲ ನಿಮ್ಮ ಹತ್ರ ಸೇರ್ಕೋಬೋದಾ?" ವಯಸ್ಸು ನಲವತ್ತೆರಡು, ಬಿ.ಪಿ. ಇಲ್ಲ, ಸಕ್ಕರೆ ಇಲ್ಲ. ನಿಮಗೆ ಬೇಡ ಎಂದೆ. ಹೃದಯಕ್ಕೊಬ್ಬರು, ಕಿಡ್ನಿಗೊಬ್ಬರು, ಸಕ್ಕರೆಗೊಬ್ಬರು ಎಂದು ಓಡಾಡುವ ಹಿರಿಯರು ಮನೆಯಲ್ಲಿದ್ದರೆ ಯೋಚಿಸಿ. ಎಲ್ಲಿ ಸೇರುವುದಾದರೂ ಮೂರು ಮಾತು ಕೇಳಿ: ನೀವು ರಜೆಯಲ್ಲಿದ್ದಾಗ ಫೋನ್ ಎತ್ತುವವರು ಯಾರು, ಆಸ್ಪತ್ರೆ ಸೇರಿದರೆ ಬಂದು ನೋಡುತ್ತೀರಾ, ಈಚೆಗೆ ಯಾವ ರೋಗಿಗೆ ಏನನ್ನು ಬೇಡ ಅಂದಿರಿ.

ಅವರು ಮೊಬೈಲಿನಲ್ಲಿ ಬರೆದುಕೊಂಡರು. ಆಮೇಲೆ, "ಫುಲ್ ಬಾಡಿ ಸ್ಕ್ಯಾನ್ ನಿಮ್ಮ ಫೀಸಲ್ಲೇ ಬರುತ್ತಾ?" ಎಂದರು.

"ಇಲ್ಲ."

"ಇನ್ನೊಂದು ಕಡೆ ಕೊಡ್ತಾರಂತೆ."

"ಕೊಡ್ತಾರೆ" ಎಂದೆ. ಅಷ್ಟರಲ್ಲಿ ಸಾಲು ಮುಂದಕ್ಕೆ ಹೋಗಿತ್ತು.